ಯಜಮಾನರ ಕಾಯಿಲೆ, ನಿಂತುಹೋದ ಪ್ರಾರ್ಥನೆ: ಕಷ್ಟದಲ್ಲಿ ನಂಬಿಕೆಯಿಂದ ನಿಮಗೆ ನಿಜವಾಗಿ ಸಮಾಧಾನ ಸಿಕ್ಕಿದ್ದು ಹೇಗೆ?

ನಿದ್ದೆಗೆಟ್ಟವಳು:
ಎಲ್ಲರಿಗೂ ನಮಸ್ಕಾರ. ನೀವೆಲ್ಲ ಬರೆಯುವುದನ್ನು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುವುದು ಇದೇ ಮೊದಲು. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ಸುಮಾರು 4 ಗಂಟೆ. ಮಷಿನ್ ಪಕ್ಕ ಕೂತು ಬೈಬಲ್ ತೆರೆಯುತ್ತೇನೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತೇನೆ, ತಲೆಗೆ ಏನೂ ಹೋಗುವುದಿಲ್ಲ. ಆ ಟ್ಯೂಬಿನಲ್ಲಿ ಅವರ ರಕ್ತ ಹೊರಗೆ ಹೋಗಿ ಒಳಗೆ ಬರುವುದನ್ನೇ ನೋಡುತ್ತಾ ಕೂರುತ್ತೇನೆ.

ನಮ್ಮ ಚರ್ಚಿನ ಸಭೆಯವರು ಒಳ್ಳೆಯವರೇ. ಆದರೆ ಬಂದವರೆಲ್ಲ ಒಂದೊಂದು ವಾಕ್ಯ ಹೇಳಿ ಹೋಗುತ್ತಾರೆ. ದೇವರು ತಡೆಯಲಾರದ ಭಾರ ಯಾರಿಗೂ ಕೊಡುವುದಿಲ್ಲವಂತೆ. ಎಲ್ಲವೂ ಒಳ್ಳೆಯದಕ್ಕೇ ಅಂತೆ. ಒಬ್ಬರಂತೂ, ಮನೆಯಲ್ಲಿ ಯಾರಾದರೂ ಅರಿಕೆ ಮಾಡದ ಪಾಪ ಇದೆಯಾ ನೋಡಿಕೊಳ್ಳಿ ಎಂದರು. ನಾನು ತಲೆ ಆಡಿಸಿ ಕಳಿಸಿದೆ. ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ, ಅವರಿಗೆ ಕೇಳಿಸಬಾರದು ಅಂತ.

ನಂಬಿಕೆ ಬಿಟ್ಟಿಲ್ಲ. ಆದರೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದರೆ, ನಿಮಗೆ ಸಮಾಧಾನ ಹೇಗೆ ಸಿಕ್ಕಿತು ಎಂದು ಹೇಳುತ್ತೀರಾ? ದಯವಿಟ್ಟು ವಾಕ್ಯ ಒಂದನ್ನೇ ಕಳಿಸಬೇಡಿ.

ಹಳೇ_ಓದುಗ:
ಅಮ್ಮಾ, ಮೊದಲು ಒಂದು ವಿಷಯ. 'ತಡೆಯಲಾರದ ಭಾರ ಕೊಡುವುದಿಲ್ಲ' ಅನ್ನುವ ಮಾತು ಬೈಬಲಿನಲ್ಲಿ ಆ ಅರ್ಥದಲ್ಲಿ ಇಲ್ಲವೇ ಇಲ್ಲ. ಜನ 1 ಕೊರಿಂಥ 10:13 ಹಿಡಿದುಕೊಂಡು ಹೇಳುತ್ತಾರೆ. ಅಲ್ಲಿ ಪೌಲ (ಆ ಪತ್ರ ಬರೆದ ಅಪೊಸ್ತಲ) ಮಾತಾಡುವುದು ಶೋಧನೆಯ ಬಗ್ಗೆ, ಅಂದರೆ ತಪ್ಪು ದಾರಿಗೆ ಎಳೆಯುವ ಆಸೆಯ ಬಗ್ಗೆ. ರೋಗ, ಸಾವು, ಸಾಲ ಇವುಗಳ ಬಗ್ಗೆ ಅಲ್ಲ. ಅದೇ ಪೌಲ 2 ಕೊರಿಂಥ 1:8ರಲ್ಲಿ ಏನು ಬರೆದಿದ್ದಾನೆ ನೋಡಿ: ನಮ್ಮ ಶಕ್ತಿ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ. ಅಪೊಸ್ತಲನಿಗೇ ತಡೆಯಲಾಗಲಿಲ್ಲ. ನಿಮಗೆ ತಡೆಯಲಾಗದಿದ್ದರೆ ಅದರಲ್ಲಿ ನಾಚಿಕೆ ಏನು?

ಎರಡನೆಯದು, ಕೀರ್ತನೆಗಳು, ಅಂದರೆ ಬೈಬಲಿನಲ್ಲಿರುವ ಪ್ರಾರ್ಥನೆಯ ಹಾಡುಗಳು. ಒಟ್ಟು 150 ಇವೆ, ಅದರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಬರೀ ಗೋಳು, ದೂರು, ಪ್ರಶ್ನೆ. ಸಭೆಯಲ್ಲಿ ನಾವು ಹಾಡುವುದು ಉಳಿದ ಭಾಗವನ್ನು ಮಾತ್ರ, ಹಾಗಾಗಿ ಗೋಳಾಡುವುದೇ ತಪ್ಪು ಅನ್ನುವ ಹಾಗೆ ಆಗಿಬಿಟ್ಟಿದೆ. 13ನೇ ಕೀರ್ತನೆಯ ಮೊದಲ ಎರಡು ವಚನದಲ್ಲೇ 'ಎಷ್ಟರವರೆಗೆ' ಎಂಬ ಪ್ರಶ್ನೆ 4 ಸಲ ಬರುತ್ತದೆ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಎಷ್ಟರವರೆಗೆ ಮುಖ ಮರೆಮಾಡುತ್ತೀ. 88ನೇದು ಇನ್ನೂ ಕಠಿಣ. ಬೇರೆ ದೂರಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಹೇಗೋ ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತೆಗೆದುಹಾಕಿಲ್ಲ, ಕೊನೆಗೆ ಒಂದು ಒಳ್ಳೆಯ ಸಾಲು ಸೇರಿಸಿಯೂ ಇಲ್ಲ. ನಿಮಗೆ ಸ್ವಂತ ಮಾತು ಬರದಿದ್ದರೆ ಅದನ್ನೇ ಓದಿ. ಅದೂ ಪ್ರಾರ್ಥನೆಯೇ.

ಸ್ತುತಿಯ_ದನಿ:
ಸಿಸ್ಟರ್, ನಿಮಗಾಗಿ ಪ್ರಾರ್ಥಿಸುತ್ತೇನೆ. ಆದರೆ ಮೇಲಿನ ಬ್ರದರ್ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗೋಳಿನಲ್ಲೇ ಕೂತರೆ ಮನಸ್ಸು ಇನ್ನೂ ಕುಸಿಯುತ್ತದೆ. ಪೌಲನೂ ಸೀಲನೂ ಫಿಲಿಪ್ಪಿಯ ಜೈಲಿನಲ್ಲಿ ಏನು ಮಾಡಿದರು? ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ಮಧ್ಯರಾತ್ರಿಯಲ್ಲಿ ಹಾಡಿದರು (ಅಪೊಸ್ತಲರ ಕೃತ್ಯಗಳು 16:25). ಪ್ರವಾದಿ ಹಬಕ್ಕೂಕನು ಅಂಜೂರ ಚಿಗುರದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಎಂದ.

ನನ್ನ ಕೆಲಸ ಹೋದಾಗ ನಾನೂ ಮೂಲೆಯಲ್ಲಿ ಕೂತಿದ್ದೆ. ಆಮೇಲೆ ಹಟಕ್ಕೆ ಬಿದ್ದು, ಮನಸ್ಸಿಲ್ಲದಿದ್ದರೂ ಬೆಳಿಗ್ಗೆ ಎದ್ದು ಹಾಡಲು ಶುರು ಮಾಡಿದೆ. ಗಂಟಲು ಕಟ್ಟುತ್ತಿತ್ತು, ಆದರೂ ಹಾಡಿದೆ. ಕೆಲಸ ತಕ್ಷಣ ಸಿಗಲಿಲ್ಲ. ಆದರೆ ಎದೆಯ ಮೇಲಿನ ಕಲ್ಲು ಇಳಿಯಿತು. ಹಾಗಾಗಿ ಹೇಳುತ್ತಿದ್ದೇನೆ, ಬಾಯಲ್ಲಿ ಸೋಲಿನ ಮಾತು ಬರಬಾರದು. ವಿಶ್ವಾಸದಿಂದ, ಗುಣವಾಯಿತು ಎಂದೇ ಹೇಳಿ.

ಥೋಮ_ಎರಡನೆಯವನು:
ಹಾಡುವುದು ಒಳ್ಳೆಯದೇ. ನನ್ನ ತಕರಾರು ನಿಮ್ಮ ಕೊನೆಯ ಸಾಲಿನ ಮೇಲೆ. ವಾರಕ್ಕೆ 3 ಸಲ ಮಷಿನ್ ಮುಂದೆ ಕೂರುವ ಹೆಂಡತಿಗೆ, ಗುಣವಾಯಿತು ಎಂದು ಹೇಳು ಅಂದರೆ, ನಾಳೆ ಗುಣವಾಗದಿದ್ದಾಗ ತಪ್ಪು ಯಾರ ತಲೆಗೆ ಬರುತ್ತದೆ? ಅವಳ ತಲೆಗೇ. ರೋಗಿಯನ್ನು ನೋಡಿಕೊಳ್ಳುವುದರ ಜೊತೆಗೆ ತನ್ನ ನಂಬಿಕೆಯ ಡಿಗ್ರಿಯನ್ನೂ ದಿನಾ ಅಳೆದುಕೊಳ್ಳಬೇಕು.

ಪೌಲನ ಮೈಗೆ ತಾಗಿಸಿದ ಕರವಸ್ತ್ರ ಮುಟ್ಟಿಸಿದರೂ ರೋಗಿಗಳು ವಾಸಿಯಾಗುತ್ತಿದ್ದರು ಅಂತ ಕೃತ್ಯಗಳು 19ರಲ್ಲಿ ಇದೆ. ಅದೇ ಪೌಲ 2 ತಿಮೊಥೆ 4:20ರಲ್ಲಿ, ತನ್ನ ಜೊತೆಗಾರ ತ್ರೊಫಿಮನು ಕಾಯಿಲೆ ಬಿದ್ದಿದ್ದರಿಂದ ಅವನನ್ನು ಮಿಲೇತ ಎಂಬ ಊರಲ್ಲೇ ಬಿಟ್ಟು ಬಂದೆ ಎಂದು ಬರೆಯುತ್ತಾನೆ. ಅಷ್ಟೇ. ತ್ರೊಫಿಮನ ನಂಬಿಕೆ ಕಡಿಮೆ ಇತ್ತು ಅಂತ ಎಲ್ಲೂ ಇಲ್ಲ. ಪೌಲನೇ ತನ್ನ ಶರೀರದ ಮುಳ್ಳನ್ನು, ಅಂದರೆ ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು, ತೆಗೆ ಎಂದು 3 ಸಲ ಬೇಡಿಕೊಂಡ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಮುಳ್ಳು ಹೋಗಲಿಲ್ಲ.

ಯೇಸು ಶಿಲುಬೆಯ ಮೇಲೆ ಕೂಗಿದ್ದು 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಎಂದು. ಅದು 22ನೇ ಕೀರ್ತನೆಯ ಮೊದಲ ಸಾಲು. ಅದೂ ಸೋಲಿನ ಮಾತೇ ಏನು?

ರಾತ್ರಿಪಾಳಿ_ನರ್ಸ್:
ನೀವು ಜಗಳ ಮುಂದುವರಿಸಿ, ನಾನು ಅಕ್ಕನ ಹತ್ತಿರ ಮಾತಾಡುತ್ತೇನೆ.

ಅಕ್ಕ, ಎಲೀಯನ ಕಥೆ ನೆನಪಿದೆಯಾ? 1 ಅರಸುಗಳು 19. ದೊಡ್ಡ ಪ್ರವಾದಿ. ಪ್ರಾಣಭಯದಿಂದ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳುವುದಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಏಳು, ತಿನ್ನು ಎನ್ನುತ್ತಾನೆ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ, ದಾರಿ ನಿನಗೆ ಜಾಸ್ತಿ ಇದೆ ಅಂತ. ದೇವರ ದನಿ ಕೇಳುವುದು ಅದೆಲ್ಲ ಆದ ಮೇಲೆ, 40 ದಿನ ನಡೆದು ಬೆಟ್ಟ ತಲುಪಿದ ಮೇಲೆ.

ವಾರ್ಡಿನಲ್ಲಿ ರೋಗಿಯ ಪಕ್ಕ ಕೂರುವವರನ್ನು ನಾನು ದಿನಾ ನೋಡುತ್ತೇನೆ. ರೋಗಿಯ ಬಿಪಿ ಎಷ್ಟು, ಎರಡು ಡಯಾಲಿಸಿಸ್ ನಡುವೆ ತೂಕ ಎಷ್ಟು ಏರಿತು, ಎಷ್ಟು ನೀರು ಕುಡಿದರು, ಎಲ್ಲ ಬಾಯಿಪಾಠ ಇರುತ್ತದೆ. ತಾವು ಕೊನೆಯ ಸಲ ಹೊಟ್ಟೆ ತುಂಬ ತಿಂದದ್ದು ಯಾವಾಗ ಅಂದರೆ ಗೊತ್ತಿರುವುದಿಲ್ಲ. ನಿಮಗೆ ಪ್ರಾರ್ಥನೆ ಬರುತ್ತಿಲ್ಲ ಅನ್ನುವುದಕ್ಕೆ ಅರ್ಧ ಕಾರಣ ನಿದ್ದೆ ಇಲ್ಲದ್ದೇ ಇರಬಹುದು. ನಿಮ್ಮ ಹೆಸರೇ ಅದನ್ನು ಹೇಳುತ್ತಿದೆ ಅಲ್ವಾ? ಮಷಿನ್ ನೋಡಿಕೊಳ್ಳಲು ಅಲ್ಲಿ ಟೆಕ್ನಿಶಿಯನ್ ಇರುತ್ತಾರೆ. ಆ 4 ಗಂಟೆಯಲ್ಲಿ ಒಂದು ಗಂಟೆ ಕುರ್ಚಿಯಲ್ಲೇ ಕಣ್ಣು ಮುಚ್ಚಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕಿ ಏನು ಪ್ರಯೋಜನ ಅಂತ ಯೋಚನೆ ಬರುತ್ತಿದ್ದರೆ, ಡಾಕ್ಟರ್ ಹತ್ತಿರ ನಿಮ್ಮ ವಿಷಯವನ್ನೂ ಹೇಳಿ. ಅದು ಅಪನಂಬಿಕೆ ಅಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲ 'ಪ್ರಿಯ ವೈದ್ಯ' ಎಂದೇ ಕರೆಯುತ್ತಾನೆ.

ಜಪಸರ:
ನಾನು ಕಥೋಲಿಕಳು, ಹಾಗಾಗಿ ನನ್ನ ಉತ್ತರ ಸ್ವಲ್ಪ ಬೇರೆ ಇರಬಹುದು. ಅಮ್ಮ ಹಾಸಿಗೆ ಹಿಡಿದಿದ್ದಾಗ ಸ್ವಂತ ಮಾತಲ್ಲಿ ಪ್ರಾರ್ಥಿಸುವುದು ನನಗೂ ನಿಂತುಹೋಗಿತ್ತು. ಆಗ ಉಳಿದದ್ದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಮಾತ್ರ. ಪರಲೋಕ ಪ್ರಾರ್ಥನೆ, ಜಪಸರ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ). ಮೊದಲೆಲ್ಲ ನನಗೇ ಅನಿಸುತ್ತಿತ್ತು, ಗಿಣಿಪಾಠದ ಹಾಗೆ ಹೇಳುವುದರಲ್ಲಿ ಏನಿದೆ ಅಂತ. ಅಮ್ಮನ ಕೈ ಒಂದು ಕೈಯಲ್ಲಿ, ಮಣಿ ಇನ್ನೊಂದು ಕೈಯಲ್ಲಿ. ಅಮ್ಮನಿಗೆ ಮಾತು ನಿಂತಿತ್ತು, ಆದರೆ 'ಆಮೆನ್' ಬರುವ ಜಾಗದಲ್ಲಿ ಬೆರಳು ಒತ್ತುತ್ತಿದ್ದಳು. ಮಾತು ಹುಡುಕುವ ಕೆಲಸ ಇಲ್ಲದಿದ್ದರಿಂದಲೇ ಅಷ್ಟು ಹೊತ್ತು ಕೂರಲು ಆಯಿತು.

ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೂ ಚಿಕ್ಕದೊಂದು ಇದೆ: ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು. ಉಸಿರು ಎಳೆಯುವಾಗ ಅರ್ಧ, ಬಿಡುವಾಗ ಅರ್ಧ. ಬರೀ 'ಕರುಣಿಸು' ಎಂದರೂ ಸಾಕು.

ಏನೂ ಅನಿಸುತ್ತಿಲ್ಲ ಅಂತ ಹೆದರಬೇಡಿ. ಮದರ್ ತೆರೆಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನ ಬೆಚ್ಚಿಬಿದ್ದರು. ದೇವರು ಹತ್ತಿರ ಇದ್ದಾನೆ ಅನ್ನುವ ಅನುಭವವೇ ಇಲ್ಲದೆ ಅವರು ದಶಕಗಳನ್ನು ಕಳೆದಿದ್ದರು. ಆ ಒಳಗಿನ ಕತ್ತಲನ್ನು ಇಟ್ಟುಕೊಂಡೇ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ನಿದ್ದೆಗೆಟ್ಟವಳು:
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅವರಿಗೂ ಓದಿ ಹೇಳಿದೆ. ತ್ರೊಫಿಮನ ವಿಷಯ ಕೇಳಿ ನಕ್ಕರು, 'ಹಾಗಾದರೆ ನಾನೂ ಮಿಲೇತದಲ್ಲಿ ಇದ್ದೇನೆ' ಎಂದರು.

88ನೇ ಕೀರ್ತನೆ ಓದಿದೆ. ಇದು ಬೈಬಲಿನಲ್ಲಿ ಇದೆಯಾ ಅಂತ ಆಶ್ಚರ್ಯ ಆಯಿತು. ಇಷ್ಟು ವರ್ಷ ಸಭೆಗೆ ಹೋಗಿದ್ದೇನೆ, ಒಂದು ಸಲವೂ ಯಾರೂ ಓದಿದ್ದು ಕೇಳಿಲ್ಲ. ಒಂದು ವಿಷಯ ಗಮನಿಸಿದೆ. ಅಷ್ಟೆಲ್ಲ ದೂರು ಹೇಳುವವನು ದೇವರ ಬೆನ್ನ ಹಿಂದೆ ಹೇಳುತ್ತಿಲ್ಲ, ದೇವರ ಮುಖಕ್ಕೇ ಹೇಳುತ್ತಿದ್ದಾನೆ. ನಾನು ಇಷ್ಟು ದಿನ ಬೆನ್ನ ಹಿಂದೆ ಗೊಣಗುತ್ತಿದ್ದೆ, ಎದುರಿಗೆ ಮಾತ್ರ ಮರ್ಯಾದೆಯ ಮಾತು.

ಒಂದು ಪ್ರಶ್ನೆ. ದೇವರ ಮೇಲೆ ಸಿಟ್ಟು ಬಂದಿದೆ. ನಿಜವಾದ ಸಿಟ್ಟು. ಅದನ್ನು ಹಾಗೇ ಹೇಳಬಹುದಾ, ಅಥವಾ ಅದು ಪಾಪವಾ?

ಹಿರಿಯ_ಸಭಾಪಾಲಕ:
ನಾನೊಬ್ಬ ಪಾಸ್ಟರ್. ಮೊದಲಿಗೆ, ಆ ಪಾಪದ ಪ್ರಶ್ನೆ ಕೇಳಿದವರ ಪರವಾಗಿ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ ತಾಯಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಅದನ್ನೇ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಅಂತ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದ ಯೇಸು (ಯೋಹಾನ 9:3).

ನಿಮ್ಮ ಪ್ರಶ್ನೆಗೆ ಯೋಬನ ಪುಸ್ತಕವೇ ಉತ್ತರ. ತಪ್ಪಿಲ್ಲದೆಯೇ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು ಅವನು. ಅವನ ಮೂವರು ಗೆಳೆಯರು ಬಂದು 7 ಹಗಲು 7 ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಬಾಯಿ ತೆರೆದರು. ನೀನೇನೋ ತಪ್ಪು ಮಾಡಿರಬೇಕು, ದೇವರು ಸುಮ್ಮನೆ ಶಿಕ್ಷಿಸುವುದಿಲ್ಲ, ಹೀಗೆ ಅಧ್ಯಾಯದ ಮೇಲೆ ಅಧ್ಯಾಯ. ಯೋಬನು ಮಾತ್ರ ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನು ವಾದಕ್ಕೆ ಕರೆಯುತ್ತಾನೆ. ಕೊನೆಯ ಅಧ್ಯಾಯದಲ್ಲಿ, 42:7ರಲ್ಲಿ, ದೇವರ ಸಿಟ್ಟು ಯಾರ ಮೇಲೆ? ದೇವರನ್ನೇ ಸಮರ್ಥಿಸಿಕೊಂಡು ಮಾತಾಡಿದ ಆ ಗೆಳೆಯರ ಮೇಲೆ! ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಯೋಬನಿಗೂ ದೇವರು ಖಾರವಾಗಿಯೇ ಉತ್ತರ ಕೊಟ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಿಟ್ಟು ಮಾಡಿಕೊಂಡ ಅಂತ ಅವನನ್ನು ದೂರ ತಳ್ಳಲಿಲ್ಲ. ಸಿಟ್ಟಿದ್ದರೆ ಹೇಳಿ.

ಇನ್ನೊಂದು. ಪ್ರಾರ್ಥನೆ ಆಗುತ್ತಿಲ್ಲ ಎಂದಿರಿ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಜನಜಂಗುಳಿ, ಬಾಗಿಲ ಹತ್ತಿರ ಜಾಗ ಇಲ್ಲ. ಮಾಳಿಗೆ ಕಿತ್ತು ಅವನನ್ನು ಹಾಸಿಗೆ ಸಮೇತ ಇಳಿಸುತ್ತಾರೆ. 5ನೇ ವಚನ ನಿಧಾನವಾಗಿ ಓದಿ. ಯೇಸು 'ಅವರ' ನಂಬಿಕೆಯನ್ನು ನೋಡಿ ಮಾತಾಡುತ್ತಾನೆ. ಮಲಗಿದ್ದವನು ಅಲ್ಲಿಯವರೆಗೆ ಬಾಯಿ ತೆರೆದ ದಾಖಲೆ ಇಲ್ಲ. ನಾನು ಸಭೆಯಲ್ಲಿ ಇದನ್ನೇ ಹೇಳುತ್ತೇನೆ: ಮಲಗಿದವರ ಹತ್ತಿರ ನಂಬಿಕೆ ಕೇಳಬೇಡಿ, ಹಾಸಿಗೆಯ ಒಂದು ಮೂಲೆ ಹಿಡಿಯಿರಿ. ಸದ್ಯಕ್ಕೆ ನೀವು ಹಾಸಿಗೆಯ ಮೇಲಿದ್ದೀರಿ. ಹೊರುವವರು ನಾಲ್ಕು ಜನ ಯಾರು ಎಂದು ಯೋಚಿಸಿ, ಹೆಸರು ಹಿಡಿದು ಕೇಳಿ. ಸುಮ್ಮನೆ 'ಪ್ರಾರ್ಥಿಸಿ' ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಮರೆಯುತ್ತಾರೆ. ಒಬ್ಬರಿಗೆ ಸೋಮವಾರ, ಒಬ್ಬರಿಗೆ ಬುಧವಾರ ಅಂತ ಕೊಡಿ. ಒಬ್ಬರು ಆಸ್ಪತ್ರೆಯಲ್ಲಿ ಕೂರಲಿ, ನೀವು ಮನೆಗೆ ಹೋಗಿ ಮಲಗಿ.

ಸ್ತುತಿಯ_ದನಿ:
ಪಾಸ್ಟರ್ ಹೇಳಿದ ಆ ನಾಲ್ಕು ಜನರ ಮಾತು ಸರಿ. ಸಿಸ್ಟರ್, ನಿಮ್ಮ ಮೇಲೆ ಭಾರ ಹೊರಿಸುವ ಉದ್ದೇಶ ನನಗೆ ಇರಲಿಲ್ಲ. ಆದರೆ ಹಾಡುವ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ. ದೂರಿನ ಕೀರ್ತನೆಗಳೂ ಹಾಡುಗಳೇ ಅಲ್ವಾ, ರಾಗ ಹಾಕಿ ಹಾಡಲೆಂದೇ ಬರೆದದ್ದು. 88ನೇದಕ್ಕೂ ಮೇಲೆ ರಾಗದ ಸೂಚನೆ ಇದೆ. ಅಳುತ್ತಾ ಹಾಡಿ ಬೇಕಾದರೆ.

ಥೋಮ_ಎರಡನೆಯವನು:
ಇದನ್ನು ಒಪ್ಪಿದೆ. ಮೊದಲ ಸಲ.

ಖಾಲಿ_ತೊಟ್ಟಿಲು:
ನಾನು ಹೆಚ್ಚು ಬರೆಯುವವಳಲ್ಲ. ನಮ್ಮ ಮಗು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ನನಗೆ ಸಮಾಧಾನ ಬೇಗ ಸಿಗಲಿಲ್ಲ ಎಂದು ಹೇಳುವುದಕ್ಕೇ ಬರೆಯುತ್ತಿದ್ದೇನೆ, ಯಾಕೆಂದರೆ ಸಾಕ್ಷಿ ಹೇಳುವವರೆಲ್ಲ ಮಧ್ಯದ ಭಾಗ ಬಿಟ್ಟು ನೇರ ಕೊನೆಗೆ ಹಾರುತ್ತಾರೆ. ಮಧ್ಯದಲ್ಲಿ ಬಹಳ ಕಾಲ ಏನೂ ಇರಲಿಲ್ಲ. ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಹಾಡು ಶುರುವಾದರೆ ಹೊರಗೆ ಬರುತ್ತಿದ್ದೆ. ಒಬ್ಬ ವಯಸ್ಸಾದ ಅಜ್ಜಿ ಪ್ರತಿ ಸಲ ನನ್ನ ಹಿಂದೆಯೇ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಏನೂ ಕೇಳಲಿಲ್ಲ. ಅವರ ಸೆರಗಿನಿಂದ ನನ್ನ ಮೂಗು ಒರೆಸಿದ್ದೂ ಇದೆ. ಅವರಿಗೂ ಒಂದು ಮಗು ಹೋಗಿತ್ತು ಅಂತ ಬಹಳ ಆಮೇಲೆ ಗೊತ್ತಾಯಿತು.

'ದೇವರಿಗೆ ಒಂದು ಹೂವು ಬೇಕಿತ್ತು, ಕಿತ್ತುಕೊಂಡ' ಅಂತ ನನಗೆ ಹೇಳಿದವರಿದ್ದಾರೆ. ಅಂಥ ದೇವರನ್ನು ನಾನು ಹೇಗೆ ಪ್ರೀತಿಸಲಿ? ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನ 11. ಲಾಜರ ಸತ್ತಾಗ ಮಾರ್ಥಳು ಯೇಸುವಿನ ಹತ್ತಿರ ಬಂದು 'ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ' ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಇನ್ನೊಬ್ಬ ಸಹೋದರಿ ಮರಿಯಳು ಬಂದು ಅದೇ ಮಾತು ಹೇಳುತ್ತಾಳೆ. ಇಬ್ಬರದೂ ಒಂದೇ ದೂರು, ತಡವಾಗಿ ಬಂದೆ ಅಂತ. ಮಾರ್ಥಳ ಜೊತೆ ಯೇಸು ಪುನರುತ್ಥಾನದ ಬಗ್ಗೆ, ಅಂದರೆ ಸತ್ತವರು ಮತ್ತೆ ಜೀವಂತವಾಗಿ ಏಳುವುದರ ಬಗ್ಗೆ, ಮಾತಾಡಿದ. ಮರಿಯಳಿಗೆ ಏನನ್ನೂ ಬೋಧಿಸಲಿಲ್ಲ, ಅವಳು ಅಳುವುದನ್ನು ನೋಡಿ ಅವನೂ ಅತ್ತ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಆದರೂ ಅತ್ತ. ನನ್ನ ಮಗುವಿನ ಸಾವು ಅವನಿಗೂ ಇಷ್ಟವಿರಲಿಲ್ಲ ಎಂದು ನನಗೆ ಅಲ್ಲಿ ಅನಿಸಿತು. ಪುನರುತ್ಥಾನವನ್ನು ನಂಬುತ್ತೇನೆ, ಮಗುವನ್ನು ನೋಡುತ್ತೇನೆ ಎಂದೂ ನಂಬುತ್ತೇನೆ. ಆ ನಂಬಿಕೆ ಇದ್ದರೂ ಅಳು ಬರುತ್ತದೆ.

ನಿದ್ದೆಗೆಟ್ಟವಳು:
ತಂಗೀ, ಏನು ಬರೆಯಲಿ ಗೊತ್ತಾಗುತ್ತಿಲ್ಲ. ಓದಿದೆ. ಎರಡು ಸಲ ಓದಿದೆ.

ಪಾಸ್ಟರ್, ನಾಲ್ಕು ಜನರಲ್ಲಿ ಇಬ್ಬರು ಸಿಕ್ಕಿದ್ದಾರೆ. ಒಬ್ಬರು ನಮ್ಮ ಅತ್ತಿಗೆ, ಇನ್ನೊಬ್ಬರು ಪಕ್ಕದ ಮನೆಯವರು. ಅವರು ಕ್ರೈಸ್ತರಲ್ಲ, ನಾನು ಕೂರುತ್ತೇನೆ ಬಿಡಮ್ಮ ಎಂದರು.

ಕೊನೆಯ ಪ್ರಶ್ನೆ, ಇದು ನನ್ನದಲ್ಲ, ಮಗಳದು. ಅವಳಿಗೆ 8 ವರ್ಷ. ದಿನಾ ರಾತ್ರಿ ಅಪ್ಪನಿಗಾಗಿ ಪ್ರಾರ್ಥಿಸುತ್ತಾಳೆ. ಮೊನ್ನೆ ಕೇಳಿದಳು, ನಾನು ಸರಿಯಾಗಿ ಪ್ರಾರ್ಥನೆ ಮಾಡುತ್ತಿಲ್ಲ ಅಂತ ಅಪ್ಪ ಹುಷಾರಾಗುತ್ತಿಲ್ಲವಾ?

ಹಿರಿಯ_ಸಭಾಪಾಲಕ:
ಇದಕ್ಕೆ ಇವತ್ತೇ ಉತ್ತರ ಕೊಡಿ ತಾಯಿ, ತಡ ಮಾಡಬೇಡಿ. 'ಇಲ್ಲ ಪುಟ್ಟಾ, ಅಪ್ಪನ ಕಾಯಿಲೆಗೆ ನಿನ್ನ ಪ್ರಾರ್ಥನೆ ಕಾರಣ ಅಲ್ಲ, ನೀನು ಏನೂ ತಪ್ಪು ಮಾಡಿಲ್ಲ' ಎಂದು ಸ್ಪಷ್ಟವಾಗಿ ಹೇಳಿ. ಕಿಡ್ನಿ ಏನು ಮಾಡುತ್ತದೆ, ಮಷಿನ್ ಏನು ಮಾಡುತ್ತದೆ ಎಂದು ಅವಳಿಗೆ ತಿಳಿಯುವ ಹಾಗೆ ವಿವರಿಸಿ. ಮಕ್ಕಳಿಗೆ ಕಾರಣ ಹೇಳದಿದ್ದರೆ ಅವರೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಅದು ಹೆಚ್ಚಾಗಿ ತಮ್ಮ ಮೇಲೇ ಬರುತ್ತದೆ. ದೇವರು ಯಾಕೆ ಇನ್ನೂ ವಾಸಿ ಮಾಡಿಲ್ಲ ಎಂದು ಕೇಳಿದರೆ, ನನಗೂ ಗೊತ್ತಿಲ್ಲ, ನಾನೂ ಅದನ್ನೇ ಕೇಳುತ್ತಿದ್ದೇನೆ ಎನ್ನಿ. ವಾಸಿಯಾಗೇ ಆಗುತ್ತದೆ ಎಂದು ಮಾತು ಕೊಡಬೇಡಿ.

ಖಾಲಿ_ತೊಟ್ಟಿಲು:
ಅವಳಿಗೆ ಬೇಸರವಾದರೆ ಪ್ರಾರ್ಥನೆಯಲ್ಲಿ ಬೇಸರವನ್ನೇ ಹೇಳಲು ಬಿಡಿ ಅಕ್ಕ. ನೀವೂ ಅವಳ ಎದುರಿಗೆ ಒಂದು ಸಲ ಹಾಗೆ ಪ್ರಾರ್ಥಿಸಿ.

ನಿದ್ದೆಗೆಟ್ಟವಳು:
ಅವಳು ಮಲಗುವ ಮುಂಚೆ ಮಾತಾಡುತ್ತೇನೆ. ನರ್ಸಮ್ಮ, ಮಷಿನ್ ಬಗ್ಗೆ ಮಗುವಿಗೆ ಹೇಳುವ ಹಾಗೆ ಎರಡು ಸಾಲು ಬರೆದು ಕೊಡುತ್ತೀರಾ?

ರಾತ್ರಿಪಾಳಿ_ನರ್ಸ್:
ಹೀಗೆ ಹೇಳಿ ಅಕ್ಕ: 'ನಮ್ಮ ಮೈಯಲ್ಲಿ ರಕ್ತ ತೊಳೆಯುವ ಎರಡು ಪುಟ್ಟ ಅಂಗ ಇವೆ. ಅಪ್ಪನವು ಕೆಲಸ ಮಾಡುತ್ತಿಲ್ಲ, ಅದಕ್ಕೆ ಮಷಿನ್ ಅಪ್ಪನ ರಕ್ತ ತೊಳೆದು ವಾಪಸ್ ಕೊಡುತ್ತದೆ. ಸೂಜಿ ಚುಚ್ಚುವಾಗ ಸ್ವಲ್ಪ ನೋಯುತ್ತದೆ, ಆಮೇಲೆ ಅಷ್ಟು ನೋಯಲ್ಲ. ಮುಗಿದ ಮೇಲೆ ಅಪ್ಪನಿಗೆ ಸುಸ್ತಾಗುತ್ತದೆ, ನಿನ್ನ ಮೇಲೆ ಬೇಸರ ಇರುವುದಿಲ್ಲ.' ಆ ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಡಯಾಲಿಸಿಸ್ ಮುಗಿಸಿ ಬಂದ ದಿನ ಅಪ್ಪ ಮಾತಾಡದೆ ಮಲಗಿದರೆ ಮಕ್ಕಳು ಬೇರೆ ಏನೋ ಅಂದುಕೊಳ್ಳುತ್ತಾರೆ.